ಊರಿಗೆ ಹೋಗುವ ಟಿಕೆಟ್: ಯುರೋಪಿಗೆ ಹೊಸದಾಗಿ ಬಂದ ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ

ಟಿಕೆಟ್ ಹುಡುಕುವಾಗ ‘ಎಲ್ಲಿಗೆ’ ಅನ್ನುವ ಜಾಗದಲ್ಲಿ ಸುಮ್ನೆ ಬೆಂಗಳೂರು ಅಂತ ಹಾಕಿಬಿಡಬೇಡಿ. ನಮ್ಮ ಕಡೆಯವರಿಗೆ ಹೈದರಾಬಾದೂ ಇದೆ. ಪ್ರತಿ ಸಲ ಎರಡರ ದರವನ್ನೂ ನೋಡಿ. ಆಮೇಲೆ ಲೆಕ್ಕ ಹಾಕಬೇಕಾದದ್ದು ವಿಮಾನ ಇಳಿಯುವ ತನಕದ ಖರ್ಚನ್ನಲ್ಲ, ಮನೆ ಮುಟ್ಟುವ ತನಕದ ಖರ್ಚನ್ನು.

ರಾಯಚೂರು, ಮಾನ್ವಿ, ಸಿಂಧನೂರಿನವರಿಗೆ ಹೈದರಾಬಾದೇ ಹತ್ತಿರ. ಅಲ್ಲಿನ ವಿಮಾನ ನಿಲ್ದಾಣ ಇರುವುದು ಊರಿನ ದಕ್ಷಿಣಕ್ಕೆ, ಶಂಶಾಬಾದಿನಲ್ಲಿ. ಮಹಬೂಬ್‌ನಗರದ ಮೇಲಿಂದ ಹೋಗುವ ಕಾರು ಪೇಟೆಯ ಟ್ರಾಫಿಕ್ಕಿಗೆ ಸಿಕ್ಕುವುದೇ ಇಲ್ಲ. ರಾಯಚೂರಿನಿಂದ ಸುಮಾರು 200 ಕಿ.ಮೀ. ಬೆಂಗಳೂರಿನ ನಿಲ್ದಾಣ ಹೆಚ್ಚುಕಡಿಮೆ ಅದರ ಎರಡರಷ್ಟು ದೂರ. ಹಾಗಾಗಿ ಬೆಂಗಳೂರಿನ ಟಿಕೆಟ್ 40 ಯುರೋ ಕಡಿಮೆ ಕಂಡರೂ ನಿಮಗದು ಕಡಿಮೆಯಲ್ಲ. ಹೋಗಿ ಬರುವ ಕಾರಿನ ಬಾಡಿಗೆ, ಟೋಲ್ ಎಲ್ಲ ಸೇರಿಸಿ ನೋಡಿ, ಗೊತ್ತಾಗುತ್ತದೆ.

ಬಳ್ಳಾರಿಯವರಿಗೆ ಬೆಂಗಳೂರೇ ಸಲೀಸು. ಅನಂತಪುರದ ಮೇಲಿಂದ ಹೋದರೆ ಬೆಂಗಳೂರು ಸಿಗುವ ಮೊದಲೇ ದೇವನಹಳ್ಳಿಯ ನಿಲ್ದಾಣ ಸಿಗುತ್ತದೆ. ಕೊಪ್ಪಳ, ಕುಷ್ಟಗಿ ಕಡೆಯವರು ಚಿತ್ರದುರ್ಗ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಬಹುದು. ಇನ್ನು ರೈಲನ್ನು ನಂಬಿದ್ದರೆ ಇಳಿಯುವ ಹೊತ್ತನ್ನು ನೋಡಿಕೊಳ್ಳಿ. ಗಲ್ಫ್ ಕಡೆಯಿಂದ ಬರುವ ಎಷ್ಟೋ ವಿಮಾನಗಳು ನಡುರಾತ್ರಿಯ ಮೇಲೆ, ಬೆಳಗಿನ ಜಾವದಲ್ಲಿ ಇಳಿಯುತ್ತವೆ. ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರು ಬಿಡುವುದು ರಾತ್ರಿ. ಇಡೀ ದಿನ ಎಲ್ಲಿ ಕಳೆಯುತ್ತೀರಿ ಅನ್ನುವುದೂ ಖರ್ಚಿನ ಮಾತೇ.

ದರ ನೋಡಲು ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್ ಎರಡೂ ಸಾಕು. ಒಂದೇ ತಾರೀಖಿಗೆ ಅಂಟಿಕೊಳ್ಳದೆ ಇಡೀ ತಿಂಗಳ ದರ ತೋರಿಸುವ ಕ್ಯಾಲೆಂಡರ್ ತೆರೆಯಿರಿ. ಹೊರಡುವ ಊರನ್ನೂ ಬದಲಿಸಿ ನೋಡಿ. ಡಸೆಲ್‌ಡಾರ್ಫ್‌ನಲ್ಲಿ ಇರುವವರು ಫ್ರಾಂಕ್‌ಫರ್ಟ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಮೂರನ್ನೂ ರೈಲಿನಲ್ಲೇ ಮುಟ್ಟಬಹುದು. ಡಿಸೆಂಬರ್ ನಡುವಿನಿಂದ ಹೊಸ ವರ್ಷದ ತನಕ, ಮತ್ತೆ ಇಲ್ಲಿ ಶಾಲೆಗೆ ಬೇಸಿಗೆ ರಜೆ ಇರುವ ಜುಲೈ, ಆಗಸ್ಟ್‌ನಲ್ಲಿ ದರ ಜಾಸ್ತಿ. ಮಕ್ಕಳ ಶಾಲೆಯ ತೊಡಕು ಇಲ್ಲದವರು ಫೆಬ್ರವರಿಯಲ್ಲಿ ಹೋಗಿ. ದರವೂ ಇಳಿದಿರುತ್ತದೆ, ನಮ್ಮ ಕಡೆ ಬಿಸಿಲೂ ಇನ್ನೂ ಏರಿರುವುದಿಲ್ಲ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಪೂರ್ತಿ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ ಇರಲಿ. ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಅಗ್ಗವಾಗಿ ಕಾಣುವುದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಇದೆಯಾ ನೋಡಿ. ಇದ್ದರೆ ಅದು ಎರಡು ಬೇರೆ ಬೇರೆ ಟಿಕೆಟ್. ನಡುವಿನ ಊರಿನಲ್ಲಿ ನೀವೇ ಬ್ಯಾಗ್ ಇಳಿಸಿಕೊಂಡು, ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ಹೊರಗೆ ಬರಲು ಆ ದೇಶದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ದುಡ್ಡು ಹೋದಂತೆ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನ ಹತ್ತಿಸುವುದು ಕಂಪನಿಯ ಜವಾಬ್ದಾರಿ. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ಆಕಾಶಮಾರ್ಗವನ್ನೇ ಸ್ವಲ್ಪ ಹೊತ್ತು ಮುಚ್ಚಿತ್ತು. ದೋಹಾ ಮೇಲಿಂದ ಹೋಗುವವರಿಗೆ ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ಒಂದೇ ಟಿಕೆಟ್.

ಯುರೋಪಿಯನ್ ಒಕ್ಕೂಟದ 261/2004 ಅನ್ನುವ ನಿಯಮವನ್ನು ನೆನಪಿಡಿ. ಒಕ್ಕೂಟದ ಊರಿಂದ ಹೊರಟ ಪ್ರಯಾಣಕ್ಕೆ, ಕಂಪನಿ ಯಾವ ದೇಶದ್ದಾದರೂ, ಇದು ಅನ್ವಯಿಸುತ್ತದೆ. ಒಂದೇ ಟಿಕೆಟ್ಟಿನಲ್ಲಿ ಕಂಪನಿಯ ತಪ್ಪಿನಿಂದ ಹೈದರಾಬಾದಿಗೆ ಮೂರು ಗಂಟೆಗಿಂತ ಜಾಸ್ತಿ ತಡವಾಗಿ ಮುಟ್ಟಿದರೆ, ಒಬ್ಬೊಬ್ಬರಿಗೆ 600 ಯುರೋ ತನಕ ಪರಿಹಾರ ಕೇಳಬಹುದು. ವಾಪಸು ಬರುವಾಗ ಮಾತ್ರ ಇದು ಒಕ್ಕೂಟದ ಕಂಪನಿಯ ವಿಮಾನಕ್ಕಷ್ಟೇ. ದರ ಹೆಚ್ಚುಕಡಿಮೆ ಒಂದೇ ಇದ್ದರೆ ನಾನು ಇದನ್ನೂ ತೂಗಿ ನೋಡುತ್ತೇನೆ.

ದರ ಎಲ್ಲೇ ನೋಡಿ, ಕೊಳ್ಳುವುದು ಮಾತ್ರ ಕಂಪನಿಯ ಸ್ವಂತ ಸೈಟಿನಲ್ಲಿ. ಹೆಸರು ಕೇಳದ ಬುಕಿಂಗ್ ಸೈಟ್‌ಗಳಲ್ಲಿ ಹತ್ತಿಪ್ಪತ್ತು ಯುರೋ ಉಳಿಯಬಹುದು. ಆದರೆ ವಿಮಾನ ರದ್ದಾದ ದಿನ ಕಂಪನಿಯವರು ಆ ಸೈಟನ್ನು ಕೇಳಿ ಅನ್ನುತ್ತಾರೆ, ಸೈಟಿನವರು ಫೋನೇ ಎತ್ತುವುದಿಲ್ಲ. ಇಲ್ಲಿ ಆನ್‌ಲೈನಿನಲ್ಲಿ ಕೊಂಡ ಬಟ್ಟೆಯನ್ನು 14 ದಿನದೊಳಗೆ ವಾಪಸು ಮಾಡಬಹುದಲ್ವಾ, ವಿಮಾನದ ಟಿಕೆಟ್ಟಿಗೆ ಆ ಹಕ್ಕಿಲ್ಲ. ಹೋಗುವ ವಿಮಾನ ಹತ್ತದಿದ್ದರೆ ಸಾಮಾನ್ಯವಾಗಿ ಬರುವ ಟಿಕೆಟ್ಟೂ ರದ್ದಾಗುತ್ತದೆ, ಅದನ್ನೂ ಮರೆಯಬೇಡಿ. ಲಂಡನ್ ಮೇಲಿಂದ ಹೋಗುವುದಿದ್ದರೆ, ನಿಲ್ದಾಣದಿಂದ ಹೊರಗೆ ಬರದಿದ್ದರೂ, ವಿನಾಯಿತಿ ಇಲ್ಲದ ಭಾರತದ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಬೇಕು. ಮೊದಲೇ ಬ್ರಿಟನ್ ಸರ್ಕಾರದ ಸೈಟಿನಲ್ಲಿ ನೋಡಿಕೊಳ್ಳಿ.

ಬ್ಯಾಗಿನ ದರವನ್ನೂ ಕೂಡಿಸಿ. ‘ಲೈಟ್’ ಅನ್ನುವ ಟಿಕೆಟ್ಟಿನಲ್ಲಿ ಎಷ್ಟೋ ಸಲ ಕೈಚೀಲಕ್ಕಷ್ಟೇ ಅವಕಾಶ. ವಾಪಸು ಬರುವಾಗ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ತನ್ನಿ. ಪೇಡಾ, ತುಪ್ಪ ಮಾತ್ರ ಬೇಡ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರಲು ಒಕ್ಕೂಟದಲ್ಲಿ ಬಿಡುವುದಿಲ್ಲ.

ಅಪ್ಪ ಅಮ್ಮನನ್ನು ಕರೆಸುವಾಗ ಅಗ್ಗದ ಆಸೆಯನ್ನು ಸ್ವಲ್ಪ ಬದಿಗಿಡಿ. ಒಂದೇ ನಿಲುಗಡೆ, ನಡುವೆ ಎರಡೂವರೆಯಿಂದ ಮೂರು ಗಂಟೆ ಇರಲಿ. ದೋಹಾದಲ್ಲಿ ಟರ್ಮಿನಲ್ ಒಂದೇ ಆದ್ದರಿಂದ ಅಲೆದಾಟ ಕಡಿಮೆ. ಅವರಿಗೆ ಹೆಚ್ಚು ದೂರ ನಡೆಯಲು ಆಗದಿದ್ದರೆ ಟಿಕೆಟ್ ಮಾಡಿದ ದಿನವೇ ವ್ಹೀಲ್‌ಚೇರ್ ಕೇಳಿಬಿಡಿ. ಕಡೇ ಪಕ್ಷ 48 ಗಂಟೆ ಮುಂಚೆ ಹೇಳಬೇಕು, ಅದಕ್ಕೆ ದುಡ್ಡಿಲ್ಲ. ಸಹಾಯಕರು ಒಂದು ಗೇಟಿನಿಂದ ಇನ್ನೊಂದು ಗೇಟಿನ ತನಕ ಜೊತೆಗಿರುತ್ತಾರೆ. ಇಂಗ್ಲಿಷ್ ಬಾರದ ಅಮ್ಮನಿಗೆ ಅದೇ ದೊಡ್ಡ ಧೈರ್ಯ. ಒಂದು ಹಾಳೆಯಲ್ಲಿ ಎರಡೂ ವಿಮಾನದ ನಂಬರ್, ಹೊರಡುವ ಹೊತ್ತು, ಇಲ್ಲಿನ ನಿಮ್ಮ ಫೋನ್ ನಂಬರ್, ವಿಳಾಸ ಬರೆದು ಪಾಸ್‌ಪೋರ್ಟಿನ ಜೊತೆಗೆ ಇಡಲು ಹೇಳಿ. ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ಒಂದು ಅವರು ಓದಲು, ಒಂದು ಬೇರೆಯವರಿಗೆ ತೋರಿಸಲು.