ಮೈನಸ್ 25ರಲ್ಲೂ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗಿ ಬರುವುದು ಹೇಗೆ

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಕೆನಡಾದ ವಿನಿಪೆಗ್‌ನಲ್ಲಿ ಜನವರಿಯ ಮಾಮೂಲಿ ರಾತ್ರಿಯೇ ಮೈನಸ್ 20ರ ಆಸುಪಾಸು ಇರುತ್ತದೆ, ಮೈನಸ್ 30 ಅಪರೂಪವೇನಲ್ಲ. ಓದಿಗೋ ಉದ್ಯೋಗಕ್ಕೋ ಅಂಥ ಊರು ಸೇರಿದವರು ನವೆಂಬರ್ ಬಂತೆಂದು ಸೈಕಲ್ ಮೂಲೆಗಿಡಬೇಕಾಗಿಲ್ಲ. ಆರ್ಕ್ಟಿಕ್ ವೃತ್ತಕ್ಕೆ 200 ಕಿ.ಮೀ.ಗಿಂತಲೂ ಹತ್ತಿರವಿರುವ ಫಿನ್ಲೆಂಡಿನ ಔಲು ನಗರದಲ್ಲಿ ಶಾಲಾ ಮಕ್ಕಳೂ ಹಿಮದ ಮೇಲೆ ಸೈಕಲ್ ತುಳಿದುಕೊಂಡೇ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಶುರುವಾದದ್ದು ಅಲ್ಲೇ. ಮರುವರ್ಷ ಅದು ವಿನಿಪೆಗ್‌ಗೆ ಬಂತು.

ಹೊಸಬರು ಚಳಿಗೆ ಹೆದರುತ್ತಾರೆ. ನಿಜಕ್ಕೂ ಹೆದರಬೇಕಾದದ್ದು ತೇವಕ್ಕೆ. ಬಟ್ಟೆಯೊಳಗಿನ ಬೆವರು, ಬ್ರೇಕ್ ಕೇಬಲಿನೊಳಗೆ ಇಳಿದ ನೀರು, ಕನ್ನಡಕದ ಮೇಲಿನ ಆವಿ, ಅರೆಬರೆ ಕರಗಿದ ಮಂಜುಗಡ್ಡೆ: ಚಳಿಗಾಲದ ಸವಾರಿ ಕೆಡುವುದು ಹೆಚ್ಚಾಗಿ ಇವುಗಳಿಂದ. ಒಣಗಿದ ಸೈಕಲ್, ಒಣಗಿದ ಮೈ ಇದ್ದರೆ ಮೈನಸ್ 25ರಲ್ಲಿ 6–8 ಕಿ.ಮೀ. ಆರಾಮವಾಗಿ ಸಾಗುತ್ತದೆ. ಸಿದ್ಧತೆ ಮಾತ್ರ ಅಕ್ಟೋಬರ್‌ನಲ್ಲೇ ಆಗಬೇಕು.

ಮೊದಲು ಟೈರ್

ಖರ್ಚು ಮಾಡಲೇಬೇಕಾದ ಒಂದೇ ಒಂದು ಸಾಮಾನು ಯಾವುದೆಂದರೆ ಮೊಳೆ ಕೂರಿಸಿದ ಟೈರ್, ಅಂದರೆ ಸ್ಟಡೆಡ್ ಟೈರ್. ಹೊಸ ಹಿಮದ ಮೇಲೆ ಅಗಲವಾದ, ದಪ್ಪ ಕಚ್ಚುಗಳ ಮಾಮೂಲಿ ಟೈರೂ ನಡೆಯುತ್ತದೆ. ಆದರೆ ಗಾಜಿನಂಥ ಮಂಜುಗಡ್ಡೆಯನ್ನು ಯಾವ ರಬ್ಬರೂ ಹಿಡಿಯದು. ಕೊಳ್ಳುವಾಗ ಮೊಳೆಗಳು ಟಂಗ್‌ಸ್ಟನ್ ಕಾರ್ಬೈಡ್‌ನವೇ ಎಂದು ಖಚಿತಪಡಿಸಿಕೊಳ್ಳಿ. ಅಗ್ಗದ ಟೈರಿನ ಉಕ್ಕಿನ ಮೊಳೆ ಡಾಂಬರಿನ ಮೇಲೆ ಬೇಗ ಸವೆದುಹೋಗುತ್ತದೆ. ಕಾರ್ಬೈಡ್ ಹಲವು ಚಳಿಗಾಲ ಬಾಳುತ್ತದೆ. ಷ್ವಾಲ್ಬೆ ಮ್ಯಾರಥಾನ್ ವಿಂಟರ್‌ನ 700×35 ಅಳತೆಯಲ್ಲಿ 240 ಮೊಳೆಗಳಿವೆ, ನಗರದ ಓಡಾಟಕ್ಕೆ ಅಷ್ಟು ಧಾರಾಳವಾಗಿ ಸಾಕು. ಹಣ ಒಂದೇ ಟೈರಿಗೆ ಇದ್ದರೆ ಮುಂದಿನ ಚಕ್ರಕ್ಕೆ ಹಾಕಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ, ಮುಂದಿನದು ಜಾರಿದರೆ ಕಾಲೂರುವ ಮೊದಲೇ ನೆಲದ ಮೇಲಿರುತ್ತೀರಿ.

ಹೊಸ ಟೈರ್ ಹಾಕಿದ ಕೂಡಲೇ ಮಂಜಿಗೆ ಇಳಿಸಬೇಡಿ. ಹಿಮ ಬೀಳುವ ಮುಂಚೆ ಒಣ ಡಾಂಬರಿನ ಮೇಲೆ ಸುಮಾರು 40 ಕಿ.ಮೀ., ಗಕ್ಕನೆ ಬ್ರೇಕ್ ಹಾಕದೆ, ಜೋರಾಗಿ ತುಳಿಯದೆ ಓಡಿಸಿ. ಮೊಳೆಗಳು ರಬ್ಬರಿನಲ್ಲಿ ಭದ್ರವಾಗಿ ಕೂರುವುದು ಆಗಲೇ. ಈ ಕೆಲಸ ಬಿಟ್ಟರೆ ಮೊದಲ ತಿಂಗಳಲ್ಲೇ ಮೊಳೆಗಳು ಒಂದೊಂದಾಗಿ ಕಿತ್ತುಹೋಗುತ್ತವೆ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಅದರಂತೆಯೇ ಕೂರಿಸಿ.

ಗಾಳಿಯ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಚಳಿಗೆ ಟೈರಿನೊಳಗಿನ ಗಾಳಿಯ ಒತ್ತಡ ಇಳಿಯುತ್ತದೆ. 20 ಡಿಗ್ರಿಯ ಮನೆಯೊಳಗೆ 50 ಪಿಎಸ್‌ಐ ತುಂಬಿದ ಟೈರ್, ಹೊರಗಿನ ಮೈನಸ್ 25ರಲ್ಲಿ ನಿಂತರೆ ಸುಮಾರು 40ಕ್ಕೆ ಬರುತ್ತದೆ. 35 ಮಿ.ಮೀ. ಟೈರಿಗೆ, 65–70 ಕೆ.ಜಿ. ತೂಕದ ಸವಾರರಿಗೆ ಮಂಜಿನ ಮೇಲೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಒಳಗೆ 50 ತುಂಬಿ ಹೊರಡಿ. ಟೈರಿನ ಮೇಲೆ ಬರೆದ ಕನಿಷ್ಠ ಮಿತಿಗಿಂತ ಕೆಳಗೆ ಮಾತ್ರ ಇಳಿಯದಿರಲಿ. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕನಿಷ್ಠ 10–15 ಮಿ.ಮೀ. ಸಂದು ಬಿಡಿ. ಕಡಿಮೆಯಾದರೆ ಅಲ್ಲಿ ಸೇರಿದ ಹಿಮ ಗಟ್ಟಿಯಾಗಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ.

ಪೆಡಲ್ ತಿರುಗುತ್ತದೆ, ಸೈಕಲ್ ಕದಲುವುದಿಲ್ಲ

ಕಡುಚಳಿಯಲ್ಲಿ ಮಾತ್ರ ಕಾಣಿಸಿಕೊಳ್ಳುವ ತೊಂದರೆ ಇದು. ಬೇರೆಲ್ಲಕ್ಕಿಂತ ಅಪಾಯಕಾರಿಯೂ ಹೌದು, ಹಾಗಾಗಿ ಕೊಂಚ ವಿವರವಾಗಿ ನೋಡೋಣ.

ಹಿಂದಿನ ಚಕ್ರದ ನಡುವೆ ಫ್ರೀಹಬ್ ಇರುತ್ತದೆ. ತುಳಿಯುವುದನ್ನು ನಿಲ್ಲಿಸಿದಾಗ ಟಿಕ್ ಟಿಕ್ ಸದ್ದು ಬರುವುದು ಅದರೊಳಗಿನ ಪುಟ್ಟ ಕೊಕ್ಕೆಗಳಿಂದ. ತೆಳು ಸ್ಪ್ರಿಂಗ್‌ಗಳು ಆ ಕೊಕ್ಕೆಗಳನ್ನು ಹಲ್ಲುಗಳ ಕಡೆಗೆ ಒತ್ತುತ್ತಿರುತ್ತವೆ. ಕೊಕ್ಕೆ ಹಲ್ಲಿಗೆ ಸಿಕ್ಕಿಕೊಂಡಾಗಲೇ ಪೆಡಲಿನ ಬಲ ಚಕ್ರಕ್ಕೆ ಮುಟ್ಟುವುದು. ನಮ್ಮ ಕಡೆ ಮಾಗಿಯಲ್ಲಿ ತೆಂಗಿನೆಣ್ಣೆ ಸೀಸೆಯಲ್ಲೇ ಗಟ್ಟಿಯಾಗುವಂತೆ, ಮೈನಸ್ 20ರಿಂದ ಕೆಳಗೆ ಮಾಮೂಲಿ ಗ್ರೀಸ್ ಹೆಪ್ಪುಗಟ್ಟಿ ಆ ಕೊಕ್ಕೆಗಳನ್ನು ಒಳಗೇ ಹಿಡಿದುಬಿಡುತ್ತದೆ. ಆಗ ಪೆಡಲ್ ಬರಿದೇ ಸುತ್ತುತ್ತದೆ. ಅದಕ್ಕಿಂತ ಕೆಟ್ಟದ್ದು ಅರ್ಧಂಬರ್ಧ ಹಿಡಿಯುವುದು: ಸಿಗ್ನಲ್ ಬಿಟ್ಟಾಗ ನಿಂತು ಒತ್ತಿ ತುಳಿದರೆ ಕೊಕ್ಕೆ ಫಕ್ಕನೆ ತಪ್ಪಿ, ಮೊಣಕಾಲು ಹ್ಯಾಂಡಲಿಗೆ ಬಡಿದು, ವಾಹನಗಳ ನಡುವೆ ಬೀಳುವ ಸಂಭವವಿರುತ್ತದೆ.

ಪರಿಹಾರ ಸರಳ. ಹಿಂದಿನ ಚಕ್ರ ಬಿಚ್ಚಿ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ತೆಗೆದು, ಫ್ರೀಹಬ್ ಹೊರಗೆಳೆಯಿರಿ. ಹಳೆಯ ಗ್ರೀಸನ್ನು ಡಿಗ್ರೀಸರ್‌ನಲ್ಲಿ ಪೂರ್ತಿ ತೊಳೆದು ಒಣಗಿಸಿ. ಕೊಕ್ಕೆ ಮತ್ತು ಸ್ಪ್ರಿಂಗ್‌ಗಳಿಗೆ ತೆಳು ಎಣ್ಣೆಯ ಎರಡು ಮೂರು ಹನಿ ಬಿಟ್ಟು ಮರಳಿ ಜೋಡಿಸಿ. ಕಡುಚಳಿಗೆಂದೇ ಮಾಡಿದ ಗ್ರೀಸ್ ಸಿಕ್ಕರೆ ತೆಳುವಾಗಿ ಅದನ್ನೇ ಸವರಬಹುದು. ಎಲ್ಲ ಹಬ್‌ಗಳೂ ಹೀಗೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ. ಅಂಥದ್ದಿದ್ದರೆ ಸೈಕಲ್ ಅಂಗಡಿಯವರಿಗೆ ‘ಚಳಿಗಾಲಕ್ಕೆ ಎಣ್ಣೆ ಬದಲಿಸಿ’ ಎಂದರೆ ಅರ್ಥವಾಗುತ್ತದೆ. ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ರಾತ್ರಿ ಸೈಕಲನ್ನು ಹೊರಗೇ ಬಿಡಿ. ಬೆಳಿಗ್ಗೆ ಚಕ್ರ ಎತ್ತಿ ಪೆಡಲನ್ನು ಹಿಂದಕ್ಕೆ ತಿರುಗಿಸಿದಾಗ ಟಿಕ್ ಸದ್ದು ಚುರುಕಾಗಿ, ಒಂದೇ ಲಯದಲ್ಲಿ ಕೇಳಬೇಕು. ಸದ್ದು ಮಂದವಾಗಿದ್ದರೆ ಅಥವಾ ನಡುನಡುವೆ ತಪ್ಪಿದರೆ ಅವತ್ತು ಆ ಸೈಕಲ್ ಹತ್ತಬೇಡಿ.

ಬ್ರೇಕ್, ಗೇರ್, ಚೈನ್

ಚಳಿನಾಡಿಗೆ ಕೇಬಲ್‌ನಿಂದ ನಡೆಯುವ ಡಿಸ್ಕ್ ಬ್ರೇಕೇ ವಾಸಿ. ಹೈಡ್ರಾಲಿಕ್ ಬ್ರೇಕಿನ ಖನಿಜ ತೈಲ ಮೈನಸ್ 20ರ ಕೆಳಗೆ ಮಂದವಾಗುತ್ತದೆ, ಒತ್ತಿದ ಲಿವರ್ ನಿಧಾನವಾಗಿ ಹಿಂದೆ ಬರುತ್ತದೆ, ಸೀಲ್‌ಗಳು ಬಿರುಸಾಗಿ ಸೋರುವುದೂ ಉಂಟು. ರಿಮ್ ಬ್ರೇಕ್ ಇದ್ದರೆ ರಿಮ್ಮಿನ ಮೇಲೆ ಮಂಜು ಕಟ್ಟಿಕೊಂಡು ಮೊದಲ ಒಂದೆರಡು ಸುತ್ತು ಬ್ರೇಕ್ ಹಿಡಿಯುವುದೇ ಇಲ್ಲ, ಮಂಜಿನೊಡನೆ ಸೇರಿದ ಮರಳು ರಿಮ್ಮನ್ನು ಅರದಿಂದ ಉಜ್ಜಿದಂತೆ ತೇಯುತ್ತದೆ. ಹಿಂದಕ್ಕೆ ತುಳಿದರೆ ಹಿಡಿಯುವ ಕೋಸ್ಟರ್ ಬ್ರೇಕಿನ ಹಳೇ ಸೈಕಲ್ಲೂ ಹಿಂದಿನ ಚಕ್ರದ ಮಟ್ಟಿಗೆ ನಂಬಿಕಸ್ಥ. ಅದರ ಬ್ರೇಕ್ ಹಬ್‌ನೊಳಗೇ ಇರುವುದರಿಂದ ನೀರು, ಮರಳು ತಗಲುವುದಿಲ್ಲ.

ಗೇರ್ ಕೇಬಲ್‌ಗೆ ತುದಿಯಿಂದ ತುದಿಯವರೆಗೆ ಹೊದಿಕೆ ಇರಲಿ. ನಡುವೆ ಬಿಟ್ಟ ಕಡೆ ನೀರು ಇಳಿದು, ಒಳಗೆ ಹೆಪ್ಪುಗಟ್ಟಿದರೆ ಗೇರ್ ಇದ್ದಲ್ಲೇ ನಿಂತುಹೋಗುತ್ತದೆ. ಹಿಮ ಬೀಳುವ ದಿನ ಮಧ್ಯದ ಗೇರಿನಲ್ಲೇ ಹೊರಡುವುದು ಜಾಣತನ. ಸಿಕ್ಕಿಕೊಂಡರೂ ಮನೆ ಸೇರಬಹುದು. ಚೈನಿಗೆ ದಪ್ಪ ಎಣ್ಣೆ ಬೇಡ. ತೆಳು ಎಣ್ಣೆ ಹಾಕಿ, ಐದು ನಿಮಿಷ ಬಿಟ್ಟು, ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿ. ವಾರಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು.

ಸೈಕಲ್ ಎಲ್ಲಿ ನಿಲ್ಲಿಸಬೇಕು?

ಸುಸ್ತಾಗಿ ಮನೆಗೆ ಬಂದವರು ಪ್ರೀತಿಯಿಂದ ಸೈಕಲನ್ನು ಬೆಚ್ಚಗಿನ ಹಜಾರಕ್ಕೆ ತಂದು ನಿಲ್ಲಿಸುತ್ತಾರೆ. ಅಂಟಿಕೊಂಡಿದ್ದ ಹಿಮ ಕರಗುತ್ತದೆ, ತಣ್ಣನೆಯ ಲೋಹದ ಮೇಲೆ ಕೋಣೆಯ ಗಾಳಿಯ ತೇವ ಹನಿಗಟ್ಟುತ್ತದೆ. ಆ ನೀರು ಕೇಬಲ್, ಹಬ್, ಬೀಗ ಎಲ್ಲದರೊಳಕ್ಕೂ ಇಳಿಯುತ್ತದೆ. ಬೆಳಿಗ್ಗೆ ಹೊರಗೆ ಬಂದ ಹತ್ತು ನಿಮಿಷಕ್ಕೆ ಎಲ್ಲವೂ ಕಲ್ಲು. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ: ಹಿಮ ಕೊಡವಿ ಸೈಕಲನ್ನು ಯಾವಾಗಲೂ ತಣ್ಣನೆಯ ಷೆಡ್ಡಿನಲ್ಲೇ ಇಡಿ, ಇಲ್ಲವೇ ಒಳಗೆ ತಂದು ಪೂರ್ತಿ ಒಣಗುವವರೆಗೆ ಹೊರಗೆ ಒಯ್ಯಬೇಡಿ. ಕೇಬಲ್ ಒಳಗಿನ ನೀರು ಒಂದು ರಾತ್ರಿಯಲ್ಲಿ ಒಣಗುವುದಿಲ್ಲ, ಒಂದು ಪೂರ್ತಿ ದಿನ ಬೇಕು.

ವಿದ್ಯುತ್ ಸೈಕಲ್ಲಿನ ಬ್ಯಾಟರಿಗೆ ಇದು ಅನ್ವಯಿಸದು. ಅದನ್ನು ಬಿಚ್ಚಿ ಮನೆಯೊಳಗೇ ಇಟ್ಟು, ಹೊರಡುವಾಗ ಜೋಡಿಸಿ. ಶೂನ್ಯಕ್ಕಿಂತ ಕೆಳಗಿನ ತಾಪಮಾನದಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ. ಒಳಗೆ ಲಿಥಿಯಂ ಲೋಹದ ಪದರ ಕಟ್ಟಿ ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಹೊರಗಿನಿಂದ ತಂದದ್ದು ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಚಾರ್ಜರ್ ಚುಚ್ಚಿ. ಔಲುವಿನಲ್ಲಿ ಡಿಸೆಂಬರ್ ಕೊನೆಗೆ ಹಗಲಿರುವುದೇ ಮೂರೂವರೆ ತಾಸು, ಅಂಥಲ್ಲಿ ದೀಪ ಕೈಕೊಟ್ಟರೆ ಕಷ್ಟ. ಚಕ್ರದಿಂದಲೇ ವಿದ್ಯುತ್ ತೆಗೆಯುವ ಹಬ್ ಡೈನಮೋ ಇದ್ದರೆ ಆ ಚಿಂತೆಯೇ ಇಲ್ಲ.

ಮೈಗೆ ಏನು, ಎಷ್ಟು?

ಮನೆಯ ಹೊರಗೆ ನಿಂತಾಗ ಸ್ವಲ್ಪ ಚಳಿ ಅನ್ನಿಸಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಎರಡನೇ ಕಿಲೋಮೀಟರಿಗೆ ಬೆವರುತ್ತೀರಿ, ಐದನೆಯದಕ್ಕೆ ಆ ಬೆವರೇ ನಡುಗಿಸುತ್ತದೆ. ಮೈನಸ್ 20ಕ್ಕೆ ಮೈಗೆ ತಾಗಿಕೊಂಡು ತೆಳುವಾದ ಮೆರಿನೋ ಉಣ್ಣೆಯ ಅಂಗಿ, ಅದರ ಮೇಲೆ ತೆಳು ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಕಂಕುಳಲ್ಲಿ ಜಿಪ್ ಇರುವ ಜಾಕೆಟ್ ಸಿಕ್ಕರೆ ಬಿಡಬೇಡಿ. ಹತ್ತಿಯ ಬನಿಯನ್ನು ಮಾತ್ರ ಬೇಡವೇ ಬೇಡ: ಹತ್ತಿ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ, ಒಣಗುವುದಿಲ್ಲ. ಗರಿ ತುಂಬಿದ ದಪ್ಪ ಜಾಕೆಟ್ ಬಸ್ ನಿಲ್ದಾಣದಲ್ಲಿ ನಿಲ್ಲುವವರಿಗೆ ಸರಿ, ತುಳಿಯುವವರಿಗಲ್ಲ. ಕಾಲಿಗೆ ಉಣ್ಣೆಯ ಒಳಚಡ್ಡಿ, ಮೇಲೆ ಮುಂಭಾಗಕ್ಕೆ ಗಾಳಿ ತಡೆ ಇರುವ ಪ್ಯಾಂಟ್. ತೊಡೆಸಂದಿಗೂ ಹಿಮಗಡಿತ, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟುವುದು, ಆಗಬಹುದು, ಸಂಕೋಚದಿಂದ ಈ ಮಾತು ಯಾರೂ ಹೇಳುವುದಿಲ್ಲ.

ಕೈಗೆ ಎಷ್ಟೇ ದಪ್ಪ ಗ್ಲೌಸ್ ಹಾಕಿದರೂ ಬೆರಳು ಮರಗಟ್ಟುತ್ತದೆ, ಬ್ರೇಕ್ ಹಿಡಿಯಲೂ ಆಗುವುದಿಲ್ಲ. ಹ್ಯಾಂಡಲಿಗೇ ತೊಡಿಸುವ ದೊಡ್ಡ ಚೀಲದಂಥ ಪೋಗಿ ಸಿಗುತ್ತದೆ. ಅದರೊಳಗೆ ತೆಳು ಗ್ಲೌಸ್ ಹಾಕಿದ ಕೈ ಮೈನಸ್ 25ರಲ್ಲೂ ಬೆಚ್ಚಗಿರುತ್ತದೆ. ಟೈರ್ ಬಿಟ್ಟರೆ ಅತಿ ಹೆಚ್ಚು ಉಪಕಾರಿ ಇದೇ. ಬೂಟು ಒಂದು ಸೈಜ್ ದೊಡ್ಡದಿರಲಿ. ಬೆಚ್ಚಗಾಗಲೆಂದು ಬಿಗಿ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡುವುದೇ ಕಡಿಮೆಯಾಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಲೋಹದ ಪೆಡಲ್ ಪಾದದ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅಗಲವಾದ ಪ್ಲಾಸ್ಟಿಕ್ ಪೆಡಲ್ ಹಾಕಿಸಿ.

ಊರಿನಿಂದ ಅಮ್ಮ ಕಟ್ಟಿಕೊಟ್ಟ ಮಂಕಿ ಟೋಪಿ ಉಪಯೋಗಕ್ಕೆ ಬರುತ್ತದೆ, ಆದರೆ ಅದರ ನೇಯ್ಗೆಯ ಸಂದಿನಿಂದ ಗಾಳಿ ನುಗ್ಗುತ್ತದೆ. ಹೆಲ್ಮೆಟ್ಟಿನ ಕೆಳಗೆ ಕೂರುವ, ತಲೆ ಕತ್ತು ಮುಚ್ಚುವ ತೆಳು ಮುಸುಕು ಬಲಕ್ಲಾವಾ, ಕಣ್ಣಿಗೆ ಸ್ಕೀ ಗಾಗಲ್ ಒಳ್ಳೆಯದು. ಮೂಗು ಮುಚ್ಚುವ ಬಟ್ಟೆ ಗಾಗಲ್ ಒಳಗೆ ಸೇರದಂತೆ ನೋಡಿಕೊಳ್ಳಿ, ಇಲ್ಲವಾದರೆ ಉಸಿರಿನ ಆವಿ ಗಾಜಿನ ಮೇಲೆ ಹೆಪ್ಪುಗಟ್ಟಿ ದಾರಿಯೇ ಕಾಣದು. ಆಸ್ತಮಾ ಇರುವವರು ಬಾಯಿಗೆ ಬಟ್ಟೆ ಇಲ್ಲದೆ ಹೊರಡಬಾರದು, ಇನ್‌ಹೇಲರ್ ಎದೆಯ ಒಳಜೇಬಿನಲ್ಲಿರಲಿ. ಮೊಬೈಲಿಗೂ ಅದೇ ಜೇಬು.

ಹೊರಡುವ ಮುನ್ನ ಗಾಳಿಯ ಲೆಕ್ಕ

ಹವಾಮಾನ ವರದಿಯಲ್ಲಿ ತಾಪಮಾನದ ಜೊತೆಗೆ ವಿಂಡ್ ಚಿಲ್ ಅಂಕಿಯನ್ನೂ ನೋಡಿ. ಮೈನಸ್ 20ರಲ್ಲಿ ಗಂಟೆಗೆ 20 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 30ರಂತೆ ತಾಗುತ್ತದೆ. ನೀವು 15ರ ವೇಗದಲ್ಲಿ ಅದಕ್ಕೆ ಎದುರಾಗಿ ಹೋದರೆ ಮೈನಸ್ 33. ಕೆನಡಾದ ಹವಾಮಾನ ಇಲಾಖೆಯ ಪ್ರಕಾರ ವಿಂಡ್ ಚಿಲ್ ಮೈನಸ್ 28ರಿಂದ 39ರೊಳಗೆ ಇದ್ದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು, ಮೈನಸ್ 40 ದಾಟಿದರೆ 5–10 ನಿಮಿಷ ಸಾಕು. ಮೊದಲ ಚಳಿಗಾಲದಲ್ಲಿ ಮೈನಸ್ 40ರ ದಿನ ಬಸ್ಸಿಗೆ ಹೋಗಿ. ಅದರಲ್ಲಿ ಅವಮಾನವೇನಿಲ್ಲ.

ಕೆನ್ನೆ, ಮೂಗಿನ ತುದಿ ಅಥವಾ ಕಿವಿ ಬಿಳುಚಿ, ಮೇಣದಂತಾಗಿ, ನೋವೂ ತಿಳಿಯದಂತಾದರೆ ಅದು ಹಿಮಗಡಿತದ ಶುರು. ಕೂಡಲೇ ಯಾವುದಾದರೂ ಕಟ್ಟಡದೊಳಗೆ ಹೋಗಿ, ಬೆಚ್ಚಗಿನ ಅಂಗೈಯಿಂದ ಮುಚ್ಚಿ ಹಿಡಿಯಿರಿ. ತಿಕ್ಕಬಾರದು, ಹಿಮ ಹಚ್ಚಿ ಉಜ್ಜುವುದಂತೂ ಕೂಡದು. ಬೆರಳಾದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿ. ಹೀಟರ್ ಮುಂದೆ ಹಿಡಿದರೆ ಸ್ಪರ್ಶವಿಲ್ಲದ ಚರ್ಮ ಸುಡುವುದೂ ಗೊತ್ತಾಗುವುದಿಲ್ಲ. ಬಣ್ಣ, ಸ್ಪರ್ಶ ಮರಳದಿದ್ದರೆ ಅಥವಾ ಗುಳ್ಳೆ ಎದ್ದರೆ ವೈದ್ಯರಲ್ಲಿಗೆ.

ದಾರಿಯಲ್ಲಿ

ಸೀಟನ್ನು ಒಂದೆರಡು ಸೆಂ.ಮೀ. ಇಳಿಸಿ, ಕಾಲು ಬೇಗ ನೆಲಕ್ಕೆ ಸಿಗುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕನ್ನೂ ಮುಟ್ಟಬೇಡಿ, ಸೈಕಲನ್ನೂ ವಾಲಿಸಬೇಡಿ. ಮೈನಸ್ 25ರ ಮಂಜುಗಡ್ಡೆ ಒಣಗಿ ಒರಟಾಗಿರುತ್ತದೆ, ಟೈರ್ ಚೆನ್ನಾಗಿಯೇ ಹಿಡಿಯುತ್ತದೆ. ಅತಿ ಹೆಚ್ಚು ಜಾರುವುದು ಶೂನ್ಯದ ಆಸುಪಾಸಿನಲ್ಲಿ, ಮಂಜಿನ ಮೇಲೆ ನೀರಿನ ಪೊರೆ ನಿಂತಾಗ. ಇನ್ನೊಂದು ಕಷ್ಟ, ಕಾರುಗಳು ಅರೆದು ಪುಡಿ ಮಾಡಿದ, ಮರಳು ಬೆರೆತ ಕಂದು ಹಿಮ. ಅದು ಗಟ್ಟಿಯಾಗುವುದೇ ಇಲ್ಲ, ಮುಂದಿನ ಚಕ್ರ ಅದರಲ್ಲಿ ಹೂತು ಅತ್ತಿತ್ತ ಎಳೆಯುತ್ತದೆ. ಹ್ಯಾಂಡಲನ್ನು ಬಿಗಿ ಹಿಡಿಯದೆ, ಹಗುರ ಗೇರಿನಲ್ಲಿ, ಭಾರವನ್ನು ಹಿಂದಕ್ಕೆ ಹಾಕಿ ಒಂದೇ ಸಮನೆ ತುಳಿಯಿರಿ. ಆಗದಿದ್ದರೆ ಇಳಿದು ತಳ್ಳಿ. ರಸ್ತೆಯಂಚಿಗೆ ಹಿಮ ತೆಗೆಯುವ ಗಾಡಿ ದೂಡಿಟ್ಟ ಹಿಮದ ದಿಬ್ಬ ಇದ್ದಲ್ಲಿ ಅಂಚಿಗೆ ಅಂಟಿಕೊಳ್ಳದೆ ಲೇನಿನೊಳಗೇ ಹೋಗುವುದು ಸುರಕ್ಷಿತ, ಇಕ್ಕಟ್ಟಿನಲ್ಲಿ ಕಾರು ಪಕ್ಕಕ್ಕೆ ನುಗ್ಗುವುದು ತಪ್ಪುತ್ತದೆ.

ಡಿಸ್ಕ್ ಬ್ರೇಕ್ ಇರುವವರು ಕೊನೆಯ 200 ಮೀಟರ್ ಲಿವರನ್ನು ಹಗುರವಾಗಿ ಒತ್ತಿಕೊಂಡು ಹೋಗಿ, ಡಿಸ್ಕ್ ಬಿಸಿಯಾಗಿ ತೇವ ಆರುತ್ತದೆ. ನಿಲ್ಲಿಸಿದ ಮೇಲೆ ಸೈಕಲನ್ನು ಒಂದೆರಡು ಸಲ ನೆಲಕ್ಕೆ ಕುಟ್ಟಿ ಹಿಮ ಉದುರಿಸಿ. ಬೀಗದ ಕಿಂಡಿ ಕೆಳಮುಖವಾಗಿರಲಿ. ಕಿಂಡಿ ಹೆಪ್ಪುಗಟ್ಟಿದರೆ ಬಿಸಿನೀರು ಹೊಯ್ಯಬೇಡಿ, ಅದೇ ನೀರು ಮತ್ತೆ ಹೆಪ್ಪುಗಟ್ಟುತ್ತದೆ; ಬೀಗಕ್ಕೆಂದೇ ಸಿಗುವ ಡಿ-ಐಸರ್ ಹನಿ ಬಿಡಿ. ಗ್ಲೌಸ್ ತೆಗೆಯುವಾಗ ಕೀಲಿಯನ್ನು ಬಾಯಲ್ಲಿ ಕಚ್ಚುವ ಅಭ್ಯಾಸವಿದ್ದರೆ ಇಂದೇ ಬಿಡಿ, ತುಟಿಯ ಚರ್ಮ ಲೋಹಕ್ಕೆ ಅಂಟುತ್ತದೆ. ಕಚೇರಿಯಲ್ಲಿ ಒಂದು ಜೊತೆ ಒಣ ಕಾಲುಚೀಲ, ಒಂದು ಒಳಅಂಗಿ ಸದಾ ಇರಲಿ.

ಮಾರ್ಚ್, ಏಪ್ರಿಲ್

ಹಿಮ ಕರಗತೊಡಗಿದಾಗ ಸೈಕಲ್ ಅತಿ ಹೆಚ್ಚು ಸವೆಯುತ್ತದೆ. ಕಡುಚಳಿಯಲ್ಲಿ ಉಪ್ಪು ಕೆಲಸ ಮಾಡದೆಂದು ಮರಳು ಸುರಿಯುತ್ತಾರೆ, ಮೈನಸ್ 10ಕ್ಕಿಂತ ಬೆಚ್ಚಗಾದಾಗ ಉಪ್ಪು. ಎರಡೂ ಸೇರಿದ ರಾಡಿ ಚೈನಿಗೆ ಅಂಟುತ್ತದೆ. ಶೂನ್ಯಕ್ಕಿಂತ ಮೇಲಿನ ದಿನ ನೋಡಿ ಬಕೆಟ್ ನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಾಕಿ. ಗೇಜ್ ಇಟ್ಟು ಅಳೆದಾಗ ಚೈನ್ 0.75 ಶೇಕಡಾ ಹಿಗ್ಗಿದ್ದರೆ ಬದಲಿಸಿ, ಇಲ್ಲವಾದರೆ ಹಲ್ಲುಚಕ್ರಗಳೂ ಹೋಗುತ್ತವೆ. ಮಧ್ಯಾಹ್ನ ಕರಗಿದ ನೀರು ರಾತ್ರಿ ಮತ್ತೆ ಗಾಜಾಗುವ ಕಾಲವಿದು, ಬಿಸಿಲು ಕಂಡಿತೆಂದು ಮೊಳೆ ಟೈರ್ ಬಿಚ್ಚಬೇಡಿ. ಬೆಳಗಿನ ತಾಪಮಾನ ಸತತವಾಗಿ ಶೂನ್ಯದ ಮೇಲೆ ನಿಂತ ಮೇಲೆ ಬಿಚ್ಚಿ, ಮುಂದಿನದು ಯಾವುದು, ಹಿಂದಿನದು ಯಾವುದು, ತಿರುಗುವ ದಿಕ್ಕು ಯಾವ ಕಡೆ ಎಂದು ಸೀಮೆಸುಣ್ಣದಲ್ಲಿ ಟೈರಿನ ಮೇಲೇ ಬರೆದು, ಬಿಸಿಲು ತಾಗದ ಕಡೆ ತೂಗುಹಾಕಿ.