ಹೊಸ ಸ್ಪೀಕರ್ ಕೊಳ್ಳುವ ಮೊದಲು ಇರುವುದನ್ನೇ ಸರಿಸಿ ನೋಡಿ

ಸ್ಪೀಕರ್ ಜೋಡಿಯನ್ನು ಶೋಕೇಸಿನಿಂದ ಹೊರಗೆ ತೆಗೆದು, ಗೋಡೆಯಿಂದ ಒಂದೆರಡು ಅಡಿ ಮುಂದೆ, ಮೂಲೆಯಿಂದ ದೂರ ಇಡಿ. ಎರಡರ ನಡುವೆ 6 ಅಡಿ ಇದ್ದರೆ, ನೀವೂ ಎರಡರಿಂದಲೂ ಸುಮಾರು 6 ಅಡಿ ದೂರದಲ್ಲಿ ಕೂತುಕೊಳ್ಳಿ. ಮೇಲಿನ ಚಿಕ್ಕ ಟ್ವೀಟರ್, ಅಂದರೆ ಕೀರಲು ದನಿ ಹೊರಡಿಸುವ ಭಾಗ, ನಿಮ್ಮ ಕಿವಿಯ ಎತ್ತರಕ್ಕೆ ಬರಬೇಕು. ಅದಕ್ಕೆ ದುಬಾರಿ ಸ್ಟ್ಯಾಂಡ್ ಬೇಡ, ಅಲುಗಾಡದ ಸ್ಟೂಲ್ ಸಾಕು. ಗೋಡೆ, ಮೂಲೆ ಎರಡೂ ಬೇಸ್, ಅಂದರೆ ದಪ್ಪ ದನಿ, ಜಾಸ್ತಿ ಮಾಡುತ್ತವೆ. ಮೃದಂಗದ ಎಡಗಡೆಯ ಪೆಟ್ಟು ಗುಂಯ್ ಅಂತ ಉಬ್ಬಿ, ಹಿಂದಿನ ತಂಬೂರಿಯನ್ನೇ ನುಂಗಿಬಿಡುತ್ತದೆ. ಟ್ವೀಟರ್‌ನ ಕೀರಲು ದನಿಯಂತೂ ಹೆಚ್ಚಾಗಿ ನೇರಕ್ಕೇ ಹೋಗುತ್ತದೆ. ಅದು ಮೊಣಕಾಲಿಗೆ ತಾಗಿದರೆ ಏನು ಬಂತು, ಅಲ್ವಾ? ಸರಿಯಾಗಿ ಕೂತರೆ ಹಾಡುವವರು ಎರಡು ಪೆಟ್ಟಿಗೆಗಳ ನಡುವೆ, ಖಾಲಿ ಜಾಗದಲ್ಲಿ ಕೂತು ಹಾಡಿದಂತೆ ಕೇಳಿಸುತ್ತದೆ. ಸಾವಿರಾರು ರೂಪಾಯಿಯ ಕೇಬಲ್‌ನಿಂದ ಇಷ್ಟು ವ್ಯತ್ಯಾಸ ಬರುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ತೀರಾ ಪುಟ್ಟ ಸ್ಪೀಕರ್ ಆದರೆ ಮುಂದೆ ತಂದಾಗ ದನಿ ತೆಳುವಾಗಬಹುದು. ಆಗ ನಾಲ್ಕು ನಾಲ್ಕು ಬೆರಳು ಹಿಂದೆ ತಳ್ಳುತ್ತಾ ಕೇಳಿ. ಎರಡೂ ಸ್ಪೀಕರ್‌ನಲ್ಲಿ ಒಂದೇ ದನಿ ಬರುವ ಹಳೆಯ ಮೋನೋ ರೆಕಾರ್ಡಿಂಗ್‌ನಲ್ಲಿ ವಾದ್ಯಗಳು ಎಡ-ಬಲಕ್ಕೆ ಹರಡುವುದಿಲ್ಲ, ಬೇಸ್ ಮಾತ್ರ ತಿಳಿಯಾಗುತ್ತದೆ. ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್ ಇರುವವರು ಸುಮ್ನೆ ಮೂಲೆಯಿಂದ ಎತ್ತಿಡಿ, ಅಷ್ಟೇ.