ಯಹೂದಿ ಧರ್ಮದಲ್ಲಿ ದೇವರ ಕುರಿತ ಭಿನ್ನ ನೋಟಗಳನ್ನು ಅರಿಯುವ ಬಗೆ

ಯಹೂದಿ ಧರ್ಮವು ದೇವರನ್ನು ಹೇಗೆ ಕಾಣುತ್ತದೆ ಎಂದು ತಿಳಿಯಬಯಸುವವರು ಸಿದ್ಧಾಂತಗಳ ಪಟ್ಟಿಗಿಂತ ಮೊದಲು ‘ಸಿದ್ದೂರ್’ ಎಂಬ ಪ್ರಾರ್ಥನಾ ಪುಸ್ತಕವನ್ನು ತೆರೆಯುವುದು ಲೇಸು. ಅದರಲ್ಲಿನ ‘ಯಿಗ್ದಲ್’ ಎಂಬ ಸ್ತೋತ್ರ ದೇವರಿಗೆ ದೇಹವಾಗಲಿ ದೇಹದ ಆಕಾರವಾಗಲಿ ಇಲ್ಲ ಎನ್ನುತ್ತದೆ; ‘ಅನೀಮ್ ಜೆಮಿರೋತ್’ ಎಂಬ ಇನ್ನೊಂದು ಸ್ತೋತ್ರ ಅದೇ ದೇವರ ಕಪ್ಪು ಗುಂಗುರು ಕೂದಲನ್ನು ವರ್ಣಿಸುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು. ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಆತುರ ಬೇಡ.

ಅನಂತರ ಈ ಭಿನ್ನತೆಯನ್ನು ಹಿರಿಯರು ಹೇಗೆ ನಿಭಾಯಿಸಿದರು ಎಂಬುದನ್ನು ಗಮನಿಸಬೇಕು. ಮಧ್ಯಯುಗದ ಯಹೂದಿ ತತ್ತ್ವಜ್ಞಾನಿ ಮೈಮೊನಿಡೀಸ್ (1138–1204) ತಮ್ಮ ‘ಮಿಶ್ನೆ ತೋರಾ’ ಎಂಬ ಧರ್ಮವಿಧಿಗಳ ಸಂಹಿತೆಯಲ್ಲಿ ದೇವರಿಗೆ ದೇಹವಿದೆ ಎನ್ನುವವನನ್ನು ಧರ್ಮಬಾಹಿರರ ಸಾಲಿಗೆ ಸೇರಿಸಿದರು. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸ್ ಪ್ರಾಂತ್ಯದ ರಬ್ಬಿ (ಯಹೂದಿ ಧರ್ಮಗುರು) ಅಬ್ರಹಾಂ ಬೆನ್ ಡೇವಿಡ್ ಅದಕ್ಕೆ ಖಾರವಾದ ಟಿಪ್ಪಣಿ ಬರೆದು, ಮೈಮೊನಿಡೀಸರಿಗಿಂತ ದೊಡ್ಡವರೂ ಉತ್ತಮರೂ ಆದ ಕೆಲವರು ಹಾಗೆಯೇ ನಂಬಿದ್ದರಲ್ಲ ಎಂದು ಆಕ್ಷೇಪಿಸಿದರು. ಗ್ರಂಥದ ಮುದ್ರಿತ ಆವೃತ್ತಿಗಳಲ್ಲಿ ಮೂಲದ ಪಕ್ಕದಲ್ಲೇ ಈ ಆಕ್ಷೇಪವೂ ಅಚ್ಚಾಗುತ್ತದೆ. ಎದುರು ಮಾತನ್ನು ಅಳಿಸದೆ ಪುಟದಲ್ಲೇ ಉಳಿಸುವ ಈ ರೂಢಿ, ನನಗೆ ತೋರುವಂತೆ, ಯಾವ ಸಿದ್ಧಾಂತಕ್ಕಿಂತಲೂ ಹೆಚ್ಚು ಕಲಿಸುತ್ತದೆ.

ಅಭ್ಯಾಸಕ್ಕೆ ತಾಲ್ಮುದ್, ಅಂದರೆ ಪ್ರಾಚೀನ ರಬ್ಬಿಗಳ ಚರ್ಚೆಗಳ ಸಂಗ್ರಹ, ಒಂದು ಮಾದರಿಯನ್ನು ಕೊಡುತ್ತದೆ. ಹಿಲ್ಲೆಲ್ ಮತ್ತು ಶಮ್ಮಾಯಿ ಎಂಬ ಇಬ್ಬರು ಪ್ರಾಚೀನ ಗುರುಗಳ ಪಂಥದವರು 3 ವರ್ಷ ವಾದಿಸಿದಾಗ, ಎರಡೂ ಜೀವಂತ ದೇವರ ಮಾತುಗಳೇ, ಆದರೆ ಆಚರಣೆಯಲ್ಲಿ ಹಿಲ್ಲೆಲ್ ಪಂಥದ ತೀರ್ಪು ನಡೆಯಲಿ ಎಂದು ಆಕಾಶವಾಣಿಯಾಯಿತಂತೆ. ಕಾರಣ, ಅವರು ಸೌಮ್ಯರಾಗಿದ್ದು, ಎದುರಾಳಿಯ ಮಾತನ್ನು ತಮ್ಮ ಮಾತಿಗಿಂತ ಮೊದಲು ಹೇಳುತ್ತಿದ್ದರು. ಇಬ್ಬರು ಜೊತೆಗೂಡಿ ಓದುವ ‘ಹವ್ರೂತಾ’ ಪದ್ಧತಿಯಲ್ಲಿ ಇದನ್ನೇ ಮಾಡಿ ನೋಡಬಹುದು: ಜೊತೆಗಾರನ ನಿಲುವನ್ನು, ಅವನೇ ಹೌದೆನ್ನುವಷ್ಟು ಚೆನ್ನಾಗಿ ಹೇಳಿದ ಮೇಲೆಯೇ ತನ್ನದನ್ನು ಮುಂದಿಡುವುದು.

ಇದರಿಂದ ಎಲ್ಲ ಮಾತೂ ಒಂದೇ ಎಂದು ತಿಳಿಯಬಾರದು. ತಾಲ್ಮುದಿನ ಆ ವಾದ ನಡೆದದ್ದು ಧರ್ಮವಿಧಿಗಳ ಬಗ್ಗೆ, ಅಲ್ಲಿ ತೀರ್ಪೂ ಬಂದಿತು. ದೇವರು ಒಬ್ಬನೇ ಎನ್ನುವ ‘ಶೆಮಾ’ ಪ್ರಾರ್ಥನೆಯ ಘೋಷಣೆ ಚರ್ಚೆಯ ವಸ್ತುವಾಗಿಲ್ಲ. ಸಹನೆಗೂ ಮಿತಿಯಿತ್ತು: ದೇವರನ್ನು ವ್ಯಕ್ತಿಯೆನ್ನದೆ, ಮನುಷ್ಯನನ್ನು ಸಾರ್ಥಕತೆಯತ್ತ ಒಯ್ಯುವ ಶಕ್ತಿಯೆಂದು ಕಂಡ ಅಮೆರಿಕದ ಯಹೂದಿ ಚಿಂತಕ ಮೊರ್ಡೆಕಾಯ್ ಕಪ್ಲಾನರಿಗೆ ಆರ್ಥಡಾಕ್ಸ್ (ಸಂಪ್ರದಾಯನಿಷ್ಠ) ರಬ್ಬಿಗಳ ಒಂದು ಸಂಘ 1945ರಲ್ಲಿ ನ್ಯೂಯಾರ್ಕಿನಲ್ಲಿ ಬಹಿಷ್ಕಾರ ಹಾಕಿತು, ಅವರ ಪ್ರಾರ್ಥನಾ ಪುಸ್ತಕವನ್ನೂ ಅಲ್ಲಿ ಸುಡಲಾಯಿತು. ಕಪ್ಲಾನರನ್ನು ಓದುವಾಗ ಬಹಿಷ್ಕರಿಸಿದವರ ಆತಂಕವನ್ನೂ ಕೇಳಬೇಕು: ಆಲಿಸುವ ದೇವರೇ ಇಲ್ಲವಾದರೆ ಪ್ರಾರ್ಥನೆ ಯಾರಿಗೆ?